ಡೋಣಿಯ ಎರೆನೆಲದ ಹುಟ್ಟು

ಸಾಂಗ್ಲಿ ಜಿಲ್ಲೆಯ ಜತ್ತ ಸೀಮೆಯಲ್ಲಿ ಉದಿಸಿ, ವಿಜಯಪುರದ ಬಯಲನ್ನು ಹಾಯ್ದು ಕೃಷ್ಣೆಯನ್ನು ಕೂಡುವ ಡೋಣಿಯ ನೀರು ಉಪ್ಪೇ ಆದರೂ, ಅದರ ದಡಗಳ ಎರೆಭೂಮಿಯ ಬಿಳಿಜೋಳವನ್ನುಂಡು ಬಾಳಿದ ಜನಕ್ಕೆ ಆ ಹೊಳೆಯ ಹೆಸರು ಧಾನ್ಯಸಮೃದ್ಧಿಯ ಹೆಸರೇ ಆಗಿದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ಕಾಣುವ ಈ ನಾಡಿನಲ್ಲಿ, ಹಿಂಗಾರಿನ ಬಿತ್ತನೆಯಾದ ಮೇಲೆ ಮುಗಿಲು ಮುಖ ತಿರುಗಿಸಿದರೂ ತೆನೆ ಕಟ್ಟುವವರೆಗೆ ಪೈರನ್ನು ಪೊರೆಯುವ ಶಕ್ತಿ ಈ ಮಣ್ಣಿಗೆ ಎಲ್ಲಿಂದ ಬಂದಿತು?

ಕಪ್ಪು ಬಣ್ಣವನ್ನು ಕಂಡು ಸಾವಯವ ಸಾರವೇ ಇದಕ್ಕೆ ಕಾರಣವೆಂದು ಬಗೆಯುವುದು ಸಹಜ. ಆದರೆ ಇಂಥ ನೆಲಗಳಲ್ಲಿ ಸಾವಯವ ಇಂಗಾಲವು ಸಾಮಾನ್ಯವಾಗಿ ಶೇಕಡ 1ನ್ನೂ ಮುಟ್ಟುವುದಿಲ್ಲ. ಶಕ್ತಿಯಿರುವುದು ಜೇಡಿಯಲ್ಲಿ, ಅದರಲ್ಲಿಯೂ ಸ್ಮೆಕ್ಟೈಟ್ ಎಂಬ ಖನಿಜವರ್ಗದಲ್ಲಿ. ಸಿಲಿಕದ ಎರಡು ಹಾಳೆಗಳ ನಡುವೆ ಅಲ್ಯುಮಿನಿಯಂ, ಮೆಗ್ನೀಸಿಯಂ, ಕಬ್ಬಿಣಗಳಿಂದಾದ ಒಂದು ಹಾಳೆ ಸೇರಿ ಒಂದು ಪದರವಾಗುತ್ತದೆ. ಇಂಥ ಪದರಗಳನ್ನು ಪರಸ್ಪರ ಬಂಧಿಸಿರುವ ಬಲ ಕ್ಷೀಣವಾದುದರಿಂದ ಅವುಗಳ ಎಡೆಗೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಗೆಯಲ್ಲಿ ಅದೇ ನೀರು ಆರಿಹೋಗಿ ಕೈ ಹೋಗುವಷ್ಟು ಅಗಲದ ಬಿರುಕುಗಳು ಬಾಯ್ದೆರೆಯುತ್ತವೆ. ಒಳಮೈಯನ್ನೂ ಕೂಡಿಸಿ ಅಳೆದರೆ ಒಂದು ಗ್ರಾಂ ಸ್ಮೆಕ್ಟೈಟಿನ ಮೇಲ್ಮೈ 700 ಚದರ ಮೀಟರನ್ನು ಮೀರಬಲ್ಲುದು. ಮಳೆ ಸಿಲಿಕವನ್ನು ತೊಳೆದೊಯ್ದಿರುವ ಮಲೆನಾಡಿನ ಕೆಮ್ಮಣ್ಣಿನ ಕೆಯೊಲಿನೈಟಿಗೆ ಅದರ ಅಲ್ಪಾಂಶ ಮಾತ್ರವೇ ಇದೆ. ನೀರೂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದ ಪೋಷಕಗಳೂ ಆ ವಿಶಾಲವಾದ ಮೈಗೇ ಅಂಟಿಕೊಂಡು, ಬೇರು ಬೇಡಿದಾಗ ಬಿಡುಗಡೆಯಾಗುತ್ತವೆ.

ಈ ಖನಿಜದ ಮಾತೃಶಿಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಯ ಬಸಾಲ್ಟು. ಆದರೆ ವಿಚಾರಾರ್ಹವಾದುದೊಂದುಂಟು: ಈ ಎರೆಮಣ್ಣುಗಳಲ್ಲಿ ಫೆಲ್ಡ್‌ಸ್ಪಾರ್ ಕಣಗಳು ಬಹುಮಟ್ಟಿಗೆ ಶಿಥಿಲವಾಗದೆಯೇ ಉಳಿದಿರುವುದನ್ನು ನೋಡಿ, ಇಂದಿನ ಒಣಹವೆಯಲ್ಲಿ ಇಷ್ಟೊಂದು ಸ್ಮೆಕ್ಟೈಟು ಹುಟ್ಟಲಾರದು, ಅದು ಹಿಂದಿನ ತೇವಯುಗವೊಂದರಲ್ಲಿ ದಿಬ್ಬ ಇಳಿಜಾರುಗಳ ಮೇಲೆ ಜನಿಸಿ ನೀರಿನೊಡನೆ ತಗ್ಗಿಗಿಳಿದು ನೆಲೆಗೊಂಡುದೆಂದು ಮೃತ್ತಿಕಾಶಾಸ್ತ್ರಜ್ಞರು ತರ್ಕಿಸಿದ್ದಾರೆ. ನನಗೆ ಈ ವಾದವು ಸಮಂಜಸವಾಗಿ ತೋರುತ್ತದೆ. ಅದು ನಿಜವಾದರೆ ಡೋಣಿಯ ರೈತನು ಉಳುತ್ತಿರುವುದು, ಇಂದಿನ ಮಳೆ ಮತ್ತೊಮ್ಮೆ ಮಾಡಿಕೊಡಲಾರದ ಪಿತ್ರಾರ್ಜಿತವನ್ನು.

ಆ ಪಿತ್ರಾರ್ಜಿತಕ್ಕೆ ಕೇಡು ಬರುವ ದಾರಿಯೂ ಅದೇ ಪದರಗಳ ಎಡೆಯಲ್ಲಿದೆ. ಒಣಹವೆಯಲ್ಲಿ ಕ್ಯಾಲ್ಸಿಯಂ ಸುಣ್ಣದ ಗಂಟುಗಳಾಗಿ ಮಣ್ಣಿನಲ್ಲಿ ಇಳಿದು ನಿಂತಾಗ ದ್ರಾವಣದಲ್ಲಿ ಸೋಡಿಯಂ ಮೇಲುಗೈಯಾಗಿ, ಜೇಡಿಯ ಕಣಗಳನ್ನು ಚದುರಿಸಿ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಬಸಿಯುವ ದಾರಿಯಿಲ್ಲದ ಇಂಥ ಹೊಲಕ್ಕೆ ಕಾಲುವೆಯ ನೀರು ಅತಿಯಾಗಿ ಬಂದರೆ ಸವುಳು-ಜವುಳು ತಪ್ಪಿದ್ದಲ್ಲ. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದೂಡುವುದೇನೋ ಸರಿಯೆ, ಆದರೆ ಹೊರಟ ಉಪ್ಪು ಹೊಲವನ್ನು ಬಿಟ್ಟು ಹೋಗಲು ಹಾದಿ ಬೇಕು. ಆದಕಾರಣ ನೀರು ಹರಿಸುವ ಕಾಲುವೆಗಿಂತ ಮೊದಲೇ ಬಸಿಗಾಲುವೆಯನ್ನು ತೋಡಬೇಕು.