ಮಂಡಿನೋವಿನ ಮಾತ್ರೆ: ಮನೆಯವರಿಗೆ ತಂದುಕೊಡುವ ಮುನ್ನ

ನಮ್ಮಲ್ಲಿ ಅನೇಕರ ಮನೆಯಲ್ಲಿ ಮಂಡಿನೋವು, ಕೀಲುನೋವು ಎನ್ನುವ ಅಜ್ಜಿಯೋ ದಾದಿಯೋ ಇದ್ದಾರೆ. ಕಾಲೇಜಿನಿಂದ ಬರುವಾಗ ಮೆಡಿಕಲ್ ಶಾಪಿನಲ್ಲಿ ಹಳೆಯ ಸ್ಟ್ರಿಪ್ ತೋರಿಸಿ ‘ಇದೇ ಮಾತ್ರೆ ಹತ್ತು ಕೊಡಿ’ ಎಂದು ಕೇಳಿ ತರುವವರು ಹೆಚ್ಚಾಗಿ ನಾವೇ. ಆದ್ದರಿಂದ ಆ ಮಾತ್ರೆ ದೇಹದಲ್ಲಿ ಏನು ಮಾಡುತ್ತದೆ ಎಂಬುದು ನಮಗೆ ತಿಳಿದಿರಬೇಕು.

ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಎಟೋರಿಕಾಕ್ಸಿಬ್ ಇವೆಲ್ಲ ಉರಿಯೂತ ಇಳಿಸುವ ಒಂದೇ ಗುಂಪಿನ ಔಷಧಗಳು. ಕೀಲಿನಲ್ಲಿ ಉರಿಯೂತ ಉಂಟಾದಾಗ ಕಾಕ್ಸ್ ಎಂಬ ಕಿಣ್ವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ನೋವು, ಊತ ಹೆಚ್ಚುವುದು ಅದರಿಂದಲೇ. ಆಸ್ಪಿರಿನ್ ಈ ತಯಾರಿಕೆಯನ್ನು ತಡೆಯುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು.

ತೊಂದರೆ ಇರುವುದೂ ಇಲ್ಲೇ. ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದು, ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕಾಯ್ದುಕೊಳ್ಳುವುದು ಕೂಡ ಪ್ರೊಸ್ಟಗ್ಲಾಂಡಿನ್‌ಗಳ ಕೆಲಸ. ನೋವಿನ ಜೊತೆಗೆ ಈ ರಕ್ಷಣೆಯೂ ಕಡಿಮೆಯಾಗುತ್ತದೆ. ಹಾಗಾಗಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ, ರಕ್ತದೊತ್ತಡದ ಏರಿಕೆ ಸಂಭವಿಸಬಹುದು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. ಡೈಕ್ಲೋಫೆನಾಕ್ ಕೊಟ್ಟ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆ ಕಾರಣಕ್ಕೇ 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಿತು. ಮನುಷ್ಯರ ದೇಹ ಹದ್ದಿನಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ವಯಸ್ಸಾದವರ ಮೂತ್ರಪಿಂಡಕ್ಕೆ ತಡೆದುಕೊಳ್ಳುವ ಶಕ್ತಿ ಕಡಿಮೆ.

‘ಊಟ ಮಾಡಿ ನುಂಗಿದರೆ ಏನೂ ಆಗುವುದಿಲ್ಲ’ ಎಂಬ ಮಾತು ಅರ್ಧ ಮಾತ್ರ ಸತ್ಯ. ಊಟದ ನಂತರ ತೆಗೆದುಕೊಂಡರೆ ಹೊಟ್ಟೆಯ ಉರಿ ಕಡಿಮೆಯಾಗಬಹುದು. ಆದರೆ ಔಷಧ ರಕ್ತದ ಮೂಲಕವೂ ಜಠರವನ್ನು ತಲುಪುವುದರಿಂದ ಹುಣ್ಣಿನ ಅಪಾಯ ಉಳಿದೇ ಇರುತ್ತದೆ. ಇಂಜೆಕ್ಷನ್ ತೆಗೆದುಕೊಂಡರೂ ಹಾಗೆಯೇ. ಹಿರಿಯರಿಗೆ, ಹಿಂದೆ ಹುಣ್ಣಾದವರಿಗೆ ವೈದ್ಯರು ಆಮ್ಲ ತಗ್ಗಿಸುವ ಮಾತ್ರೆಯನ್ನೂ ಜೊತೆಗೆ ಬರೆಯುವುದು ಇದಕ್ಕಾಗಿಯೇ.

ಹಾಗಾದರೆ ಗಮನಿಸಬೇಕಾದದ್ದೇನು?

ಮೊದಲನೆಯದು, ನೋವು ತಡೆಯಲು ಸಾಕಾಗುವ ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ. ವೈದ್ಯರು ಐದು ದಿನಕ್ಕೆ ಬರೆದ ಚೀಟಿಯನ್ನು ಐದು ತಿಂಗಳು ಬಳಸಬಾರದು.

ಎರಡನೆಯದು, ಸ್ಟ್ರಿಪ್‌ನ ಮೇಲೆ ಕಂಪನಿಯ ಹೆಸರಿನ ಜೊತೆಗಿರುವ ಔಷಧದ ಹೆಸರನ್ನು ಓದಿ. ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳಲ್ಲಿ ಒಂದೇ ಗುಂಪಿನ ಔಷಧ ಇರಬಹುದು. ಎರಡನ್ನೂ ನುಂಗಿದರೆ ನೋವು ಅಷ್ಟೇನೂ ತಗ್ಗುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಬೆರೆಸಿದ ಮಾತ್ರೆಗಳು ನಮ್ಮಲ್ಲಿ ಸಾಮಾನ್ಯ. ಅದರ ಮೇಲೆ ಜ್ವರಕ್ಕೆಂದು ಮತ್ತೆ ಪ್ಯಾರಾಸಿಟಮಾಲ್ ಕೊಟ್ಟು ಮಿತಿ ಮೀರಿದರೆ ಯಕೃತ್ತಿಗೆ ಹಾನಿ.

ಮೂರನೆಯದು, ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಅಥವಾ ಹೃದಯಕ್ಕಾಗಿ ಆಸ್ಪಿರಿನ್ ಸೇವಿಸುವವರು, ಮೂತ್ರಪಿಂಡದ ಕಾಯಿಲೆ ಇರುವವರು, ನೋವಿನ ಮಾತ್ರೆಯಿಂದ ಉಬ್ಬಸ ಹೆಚ್ಚುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು.

ನಾಲ್ಕನೆಯದು, ಲೇಬಲ್ ಇಲ್ಲದ ‘ವಾತದ ಪುಡಿ’ಯನ್ನು ನಂಬಬೇಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ.

ರಂಜಾನ್ ತಿಂಗಳಲ್ಲಿ ಇನ್ನೂ ಎಚ್ಚರ ಬೇಕು. ಹಗಲಿಡೀ ನೀರು ಕುಡಿಯದಿದ್ದಾಗ, ಅದರಲ್ಲೂ ಬೇಸಿಗೆಯಲ್ಲಿ, ಮೂತ್ರಪಿಂಡದ ಮೇಲೆ ಹೊರೆ ಹೆಚ್ಚು. ಮಧ್ಯಾಹ್ನದ ಮಾತ್ರೆ ತಪ್ಪಿತೆಂದು ಇಫ್ತಾರ್ ವೇಳೆ ಎರಡನ್ನೂ ಒಟ್ಟಿಗೆ ನುಂಗುವುದು ತಪ್ಪು. ತಿಂಗಳು ಆರಂಭವಾಗುವ ಮೊದಲೇ ವೈದ್ಯರನ್ನು ಕಂಡರೆ ಮಾತ್ರೆಯನ್ನಾಗಲಿ ಸಮಯವನ್ನಾಗಲಿ ಬದಲಿಸಿಕೊಡಬಲ್ಲರು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ ಎಂಬುದನ್ನು ಹಿರಿಯರಿಗೆ ಪ್ರೀತಿಯಿಂದ ನೆನಪಿಸೋಣ.

ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ, ಮೂತ್ರ ತೀರಾ ಕಡಿಮೆಯಾದರೆ, ಮುಖ ಊದಿದರೆ, ಎದೆನೋವು, ಉಸಿರಾಟದ ತೊಂದರೆ ಅಥವಾ ಕೈಕಾಲಿನ ಒಂದು ಬದಿ ಸೋತರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಮಾತ್ರೆಗಳು ನೋವನ್ನು ತಗ್ಗಿಸುತ್ತವೆಯೇ ಹೊರತು ಸವೆದ ಕೀಲನ್ನು ಸರಿಮಾಡುವುದಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲು ಹಾಳಾಗುವುದನ್ನು ತಡೆಯುವ ಔಷಧಗಳೇ ಬೇರೆ. ನೋವಿನ ಮಾತ್ರೆಯಲ್ಲೇ ದಿನ ದೂಡಿದರೆ ಆ ಚಿಕಿತ್ಸೆಯ ಸಮಯ ಮೀರಿಹೋಗುತ್ತದೆ. ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ನೋವಿನ ಜಾಗಕ್ಕೆ ಹಚ್ಚುವ ಜೆಲ್ ನೆರವಾಗುತ್ತವೆ.

ಈ ಭಾನುವಾರ ಮನೆಯ ಹಿರಿಯರು ಸೇವಿಸುವ ಎಲ್ಲ ಮಾತ್ರೆಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಆ ಹಾಳೆ ಅವರ ಕೈಯಲ್ಲಿರಲಿ.