ಒಂದೇ ಗುರುತು, ಎರಡು ಬಾಗಿಲು

ಕಾಲೇಜಿನ ಜಾಲತಾಣದಲ್ಲಿ ಗುಪ್ತಪದವನ್ನಿತ್ತು ಒಳಹೊಕ್ಕ ವಿದ್ಯಾರ್ಥಿಯು ಅಲ್ಲಿಂದ ಗ್ರಂಥಾಲಯದ ತಾಣಕ್ಕೆ ಹೋದರೆ, ಅದು ಮತ್ತೆ 'ನೀವಾರು?' ಎಂದು ಕೇಳುವುದುಂಟು. ಒಂದೇ ಸಂಸ್ಥೆಯ ಎರಡು ತಾಣಗಳು ಅಪರಿಚಿತರಂತೆ ವರ್ತಿಸುವುದೇಕೆ? ನಾವು ವಿಚಾರಿಸಿ ನೋಡೋಣ.

ಜಾಲದ ವ್ಯವಹಾರಭಾಷೆಯಾದ ಎಚ್‌ಟಿಟಿಪಿಗೆ ನೆನಪಿಲ್ಲ. ಪ್ರತಿಯೊಂದು ಕೋರಿಕೆಯೂ ಅದಕ್ಕೆ ಹೊಸದೇ. ಈ ಕೊರತೆಯನ್ನು ನೀಗಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿಯವರು 'ಕುಕಿ'ಯನ್ನು ರೂಪಿಸಿದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿಗೆ ಕೊಡುವ ಬಿಲ್ಲೆಯಂತಹುದು ಇದು. ಬಿಲ್ಲೆಯಲ್ಲಿರುವುದು ಗುರುತಿನ ಸಂಖ್ಯೆ. ಅದಕ್ಕೆ ಸೇರಿದ ವಿವರಗಳು, ಎಂದರೆ 'ಸೆಷನ್', ಸರ್ವರಿನಲ್ಲಿರುತ್ತವೆ.

ತೊಡಕು ಇಲ್ಲಿಯೇ. ಪಿಎಚ್‌ಪಿಯಲ್ಲಿ ರಚಿತವಾದ ತಾಣವು ಈ ವಿವರಗಳನ್ನು ಸಾಮಾನ್ಯವಾಗಿ ಕಡತದಲ್ಲಿ, ತನ್ನದೇ ರೀತಿಯಲ್ಲಿ ಬರೆದಿಡುತ್ತದೆ. ಜಾವಾ ತಾಣವು ಸರ್ವರಿನ ಸ್ಮೃತಿಕೋಶದಲ್ಲಿ, ತನ್ನ ರೀತಿಯಲ್ಲಿ. ಒಂದೇ ಮೂಲನಾಮದ ಉಪತಾಣಗಳಾದರೆ ಬ್ರೌಸರು ಎರಡಕ್ಕೂ ಒಂದೇ ಬಿಲ್ಲೆಯನ್ನು ತೋರಿಸುವಂತೆ ಮಾಡಬಹುದು. ಆದರೇನು? ಒಬ್ಬರ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರು ಓದಲಾರರು.

ಪರಿಹಾರಗಳು ಮುಖ್ಯವಾಗಿ ಎರಡು. ಮೊದಲನೆಯದು, ಎರಡೂ ಬಲ್ಲ ಜೇಸನ್‌ನಂತಹ ರೂಪದಲ್ಲಿ ವಿವರಗಳನ್ನು ಸಮಾನ ಭಂಡಾರದಲ್ಲಿಡುವುದು. ಎರಡನೆಯದು, 2015ರಲ್ಲಿ ಪ್ರಮಾಣವಾಗಿ ಪ್ರಕಟವಾದ ಜೆಡಬ್ಲ್ಯುಟಿ ಎಂಬ ಪತ್ರ. ವಿವರಗಳು ಪತ್ರದಲ್ಲಿಯೇ ಇರುತ್ತವೆ; ರಹಸ್ಯ ಕೀಲಿಯಿಂದ ಒತ್ತಿದ ಮುದ್ರೆಯೂ ಇರುತ್ತದೆ. ಒಂದಕ್ಷರ ತಿದ್ದಿದರೂ ಮುದ್ರೆ ತಾಳೆಯಾಗದು.

ಆದರೆ ಮುದ್ರೆಯು ತಿದ್ದಿದವನನ್ನು ಹಿಡಿಯುವುದೇ ಹೊರತು ಕದ್ದವನನ್ನಲ್ಲ. ಪತ್ರವನ್ನು ಅಪಹರಿಸಿದವನು ಅದರ ಅವಧಿ ಮುಗಿಯುವವರೆಗೂ ಒಡೆಯನಂತೆ ಮೆರೆದಾನು. ಭಂಡಾರದ ವಿಧಾನದಲ್ಲಾದರೋ, ದಾಖಲೆಯನ್ನಳಿಸಿದೊಡನೆ ಎರಡು ಬಾಗಿಲುಗಳೂ ಮುಚ್ಚುವುವು. ಆದುದರಿಂದ ಪತ್ರಕ್ಕೆ ಅಲ್ಪಾಯುಷ್ಯವೇ ಲೇಸು. ಒಂದು ಗುರುತು ಹಲವು ಬಾಗಿಲುಗಳನ್ನು ತೆರೆಯುವಾಗ, ಅದನ್ನು ಕಾಯುವ ಹೊಣೆಯೂ ಅಷ್ಟೇ ಹಿರಿದಾಗುತ್ತದೆ.