ರೈನ್ ಗನ್ ಸ್ಟ್ಯಾಂಡ್ ಯಾಕೆ ಮಗುಚುತ್ತೆ? ನೀರಿನ ಹಿಂದೊದೆತದ ಲೆಕ್ಕ ತಿಳ್ಕೊಳ್ಳಿ



ರಾತ್ರಿ ತ್ರೀ ಫೇಸ್ ಬರುತ್ತೆ. ಆಟೋ ಸ್ಟಾರ್ಟರ್ ಮೋಟರ್ ಎಬ್ಬಿಸುತ್ತೆ. ಬೆಳಗ್ಗೆ ಹೊಲಕ್ಕೆ ಹೋಗಿ ನೋಡಿದರೆ ರೈನ್ ಗನ್ ಮಗುಚಿ ಬಿದ್ದಿದೆ, ನೀರೆಲ್ಲ ಒಂದೇ ಕಡೆ ಹೊಡೆದು ಗುಂಡಿ ಬಿದ್ದಿದೆ, ಉಳಿದ ಮೆಕ್ಕೆಜೋಳ ಒಣಗಿ ನಿಂತಿದೆ. ಜಗಳೂರಿನ ಬೋರ್ ಹೊಲವಾಗಲಿ, ಹೊನ್ನಾಳಿ, ನ್ಯಾಮತಿಯ ಹೊಲವಾಗಲಿ, ಇದು ಎಲ್ಲಿ ಬೇಕಾದರೂ ಆಗಬಹುದು. ಗಾಳಿಗೆ ಬಿತ್ತು, ನಾಯಿ ಕೆಡವಿತು ಅಂತೀವಿ. ಬಹಳ ಸಲ ಕೆಡವಿದ್ದು ಅದೇ ಗನ್ನಿಂದ ಹೊರಟ ನೀರು.

ನೀರು ಹಿಂದಕ್ಕೆ ಒದೆಯುತ್ತೆ

ಒಂದು ಪ್ಲಾಸ್ಟಿಕ್ ಬಾಟಲಿಯ ಪಕ್ಕದಲ್ಲಿ, ತಳದ ಹತ್ತಿರ ತೂತು ಮಾಡಿ, ನೀರು ತುಂಬಿ, ದಾರದಲ್ಲಿ ತೂಗುಬಿಡಿ. ನೀರು ಮುಂದಕ್ಕೆ ಚಿಮ್ಮಿದಂತೆ ಬಾಟಲಿ ಹಿಂದಕ್ಕೆ ಸರಿಯುತ್ತೆ. ಇದೇ ಹಿಂದೊದೆತ. ಇದರ ಬಲ ಎಷ್ಟು ಅಂತ ಡೇನಿಯಲ್ ಬರ್ನೌಲಿ 1738ರಲ್ಲೇ ತನ್ನ ಪುಸ್ತಕದಲ್ಲಿ ವಿವರಿಸಿದ್ದ. ಲೆಕ್ಕ ಸುಲಭ, ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೀರಿ:

ಹಿಂದೊದೆತ (ಕೆಜಿ) = 2 × ಪ್ರೆಶರ್ (ಮೀಟರ್ ತೋರಿಸುವ ಕೆಜಿ) × ನಾಝಲ್ ಬಾಯಿಯ ವಿಸ್ತೀರ್ಣ (ಚದರ ಸೆಂ.ಮೀ.)

16 ಮಿ.ಮೀ. ನಾಝಲ್‌ನ ಬಾಯಿ 2 ಚದರ ಸೆಂ.ಮೀ. ಪ್ರೆಶರ್ 3 ಕೆಜಿ ಇದ್ದರೆ 2 × 3 × 2 = 12 ಕೆಜಿ. ಅಂದ್ರೆ ಗನ್ನಿನ ತಲೆಯನ್ನು ಯಾರೋ 12 ಕೆಜಿ ಬಲದಿಂದ ಸದಾ ಹಿಂದಕ್ಕೆ ತಳ್ಳುತ್ತಿದ್ದ ಹಾಗೆ.

ಟ್ಯಾಂಕ್ ಯಾಕೆ ಬೀಳಲ್ಲ?

1000 ಲೀಟರ್ ಟ್ಯಾಂಕಿನಲ್ಲಿ ಒಂದು ಮೀಟರ್ ನೀರಿದ್ದರೆ ತಳದಲ್ಲಿ ಪ್ರೆಶರ್ ಬರೀ 0.1 ಕೆಜಿ. 2 ಇಂಚಿನ ವಾಲ್ವ್ ಪೂರ್ತಿ ಬಿಟ್ಟರೂ ಒದೆತ ಸುಮಾರು 4 ಕೆಜಿ. ಟ್ಯಾಂಕ್ ತೂಕ ಸಾವಿರ ಕೆಜಿ, ಅಲ್ಲಾಡಲ್ಲ. ನೀರು ಇಳಿದ ಹಾಗೆ ತೂಕ ಕಡಿಮೆ ಆಗುತ್ತೆ ನಿಜ, ಆದರೆ ಒದೆತವೂ ಅಷ್ಟೇ ಇಳಿಯುತ್ತೆ. ಟ್ಯಾಂಕ್ ಬೀಳೋದು ಬೇರೆ ಕಾರಣಕ್ಕೆ: ವಾಲ್ವ್ ಸೋರಿ ಸ್ಟ್ಯಾಂಡಿನ ಬುಡದ ಮಣ್ಣು ಮೆತ್ತಗಾಗಿ ಒಂದು ಕಾಲು ಕುಸಿದರೆ. ಬರದ ವರ್ಷ ಚನ್ನಗಿರಿಯ ಅಡಿಕೆ ತೋಟಕ್ಕೆ ಟ್ಯಾಂಕರ್ ನೀರು ಬಿಡುವಾಗಲೂ ಟ್ಯಾಂಕರ್ ಅಲ್ಲಾಡಲ್ಲ. ಆದರೆ 3 ಇಂಚಿನ ಪೈಪ್ ಹಿಡಿದವನ ಕೈಗೆ 9 ಕೆಜಿಯಷ್ಟು ಒದೆತ ಬರಬಹುದು. ಒಂದೇ ಸಲ ವಾಲ್ವ್ ತಿರುಗಿಸಬೇಡಿ.

ಗನ್ ಸ್ಟ್ಯಾಂಡ್ ಬೀಳೋದು ಹೀಗೆ

ಟ್ಯಾಂಕಿಗೆ ತೂಕ ಜಾಸ್ತಿ, ಒದೆತ ಕಡಿಮೆ. ಗನ್ನಿಗೆ ಉಲ್ಟಾ: ಪಂಪಿನ ಪ್ರೆಶರ್ ಜಾಸ್ತಿ, ತೂಕ ಕಡಿಮೆ, ಅದರ ಮೇಲೆ ಎತ್ತರ ಬೇರೆ.

ಗನ್ ಬಾಯಿ ಸ್ವಲ್ಪ ಮೇಲಕ್ಕೆ ಇರೋದರಿಂದ 12 ಕೆಜಿಯಲ್ಲಿ ಸುಮಾರು 11 ಕೆಜಿ ಹಿಂದಕ್ಕೆ, 5 ಕೆಜಿ ಕೆಳಕ್ಕೆ ಒತ್ತುತ್ತೆ. 5 ಅಡಿ ಎತ್ತರದಲ್ಲಿ ಮಗುಚುವ ಬಲ 11 × 5 = 55. ತಡೆಯೋದು ಯಾವುದು? ಗನ್, ಸ್ಟ್ಯಾಂಡ್ ಸೇರಿ 15 ಕೆಜಿ, ಕೆಳಕ್ಕೆ ಒತ್ತುವ 5 ಕೆಜಿ, ಒಟ್ಟು 20. ಮೂರು ಕಾಲಿನ ತುದಿಗಳು ನಡುವಿನಿಂದ 2 ಅಡಿ ದೂರ ಇದ್ದರೂ, ಎರಡು ಕಾಲುಗಳ ನಡುವಿನ ಗೆರೆ ನಡುವಿನಿಂದ 1 ಅಡಿ ಮಾತ್ರ. ಸ್ಟ್ಯಾಂಡ್ ಮಗುಚೋದು ಆ ಗೆರೆಯ ಮೇಲೆ. ತಡೆ 20 × 1 = 20. ಐವತ್ತೈದರ ಮುಂದೆ ಇಪ್ಪತ್ತು ನಿಲ್ಲಲ್ಲ. ಗನ್ ಸುತ್ತುತ್ತಾ ಇರುತ್ತೆ, ಒದೆತ ಆ ದಿಕ್ಕಿಗೆ ಬಂದೇ ಬರುತ್ತೆ.

ಏನು ಮಾಡಬೇಕು?

• ಬೆಳೆ ಚಿಕ್ಕದಿದ್ದಾಗ ಗನ್ 3 ಅಡಿಗೆ ಇಳಿಸಿ, ಕಾಲು 4 ಅಡಿ ಅಗಲಿಸಿ, ನಡುವೆ 30 ಕೆಜಿ ಮರಳು ಚೀಲ ತೂಗುಹಾಕಿ. ಆಗ ಮಗುಚುವ ಬಲ 33, ತಡೆ 100.
• ಸೂಲಂಗಿ ಬಿಡುವ ಹೊತ್ತಿಗೆ ಗನ್ ಎತ್ತರಿಸಲೇಬೇಕು. ಆಗ ಮೂರು ಕಡೆಗೂ ಹಗ್ಗ ಎಳೆದು ಗೂಟ ಹೊಡೆಯಿರಿ.
• ಎರೆ ಹೊಲವಾಗಲಿ, ಮಸಾರಿಯಾಗಲಿ, ನೆನೆದ ಮಣ್ಣಲ್ಲಿ ಗೂಟ ಸಡಿಲ ಆಗುತ್ತೆ. ಉದ್ದದ ಕಬ್ಬಿಣದ ಗೂಟ ಬಳಸಿ, ಪ್ರತಿ ಸಲ ಅಲ್ಲಾಡಿಸಿ ನೋಡಿ.
• ಗೇಟ್ ವಾಲ್ವ್ ನಿಧಾನಕ್ಕೆ ಬಿಡಿ. ಖಾಲಿ ಪೈಪಿನ ಗಾಳಿ ಹೋಗಿ ನೀರು ಬಂದು ಬಡಿಯುವಾಗ ಜೋರಾದ ಝಟಕಾ ಹೊಡೆಯುತ್ತೆ. ಆಟೋ ಸ್ಟಾರ್ಟರ್‌ನಲ್ಲಿ ವಾಲ್ವ್ ಪೂರ್ತಿ ಬಿಟ್ಟು ಮನೆಗೆ ಹೋಗಬೇಡಿ.
• ಕರೆಂಟ್ ತಂತಿ ಹತ್ತಿರ ಗನ್ ಇಡಲೇಬೇಡಿ. ಮಗುಚಿದ ಗನ್ ಯಾವ ಕಡೆ ಹೊಡೆಯುತ್ತೋ ಹೇಳಕ್ಕಾಗಲ್ಲ.
• ಬಿದ್ದ ಗನ್ ಹಿಡಿಯೋಕೆ ಓಡಬೇಡಿ. ಮೊದಲು ಮೋಟರ್ ಆಫ್ ಮಾಡಿ, ನೀರು ನಿಂತ ಮೇಲೆ ಹತ್ತಿರ ಹೋಗಿ.

ಇವತ್ತೇ ನಿಮ್ಮ ನಾಝಲ್ ಬಾಯಿ, ಸ್ಟ್ಯಾಂಡಿನ ಎತ್ತರ, ಕಾಲಿನ ಅಗಲ ಅಳೆದು ಲೆಕ್ಕ ಹಾಕಿ. ತಡೆಯ ಸಂಖ್ಯೆ ಮಗುಚುವ ಬಲದ ಎರಡು ಪಟ್ಟು ಇರಲಿ. ಒಂದು ಚೀಲ ಮರಳು, ಮೂರು ಗೂಟ, ಒಂದಿಷ್ಟು ಹಗ್ಗ. ಬೆಳೆಗಿಂತ, ನಿಮ್ಮ ಜೀವಕ್ಕಿಂತ ಇದೇನೂ ದುಬಾರಿ ಅಲ್ಲ.